ರದ್ದಿಗೆ ಹಾಕುವ ಮುನ್ನ

ಸಂಪಾದಕರೇ,

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಗೈಡು, ಪ್ರಶ್ನೆಪತ್ರಿಕೆಗಳ ರಾಶಿಯ ಅಡಿಯಲ್ಲಿ ಈಚೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟವೊಂದು ಸಿಕ್ಕಿತು. ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುಮಾಡಿದ ಶಾಸನಸಂಗ್ರಹಗಳ ಮಾಲೆ ಇದು. ರಟ್ಟು ಬಿಟ್ಟುಹೋಗಿದೆ, ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ಆದರೂ ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಹಿಂದೆ ಓದಿದವರು ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ ‘ಕಲ್ಲು ಈಗ ಕೆರೆ ಏರಿ ಮೇಲಿದೆ’ ಎಂದು ಬರೆದಿಟ್ಟಿದ್ದಾರೆ. ಇಂಥದ್ದು ಯಾವ ಮರುಮುದ್ರಣದಲ್ಲಿ ಸಿಗುತ್ತೆ ಹೇಳಿ?

ಮೊದಲ ಪುಟದಲ್ಲಿ ಗ್ರಂಥಾಲಯವೊಂದರ ಮೊಹರು, ಅದರ ಪಕ್ಕದಲ್ಲೇ ‘ರದ್ದು’ ಎಂಬ ಇನ್ನೊಂದು ಮೊಹರು. ತೂಕಕ್ಕೆ ಹಾಕಿರಬೇಕು, ಇನ್ನೇನು! ಜಾಗ ಇಲ್ಲ ಅನ್ನೋದು ನಿಜವಿರಬಹುದು. ‘ಎಲ್ಲಾ ಸ್ಕ್ಯಾನ್ ಆಗಿದೆಯಲ್ಲ’ ಅನ್ನುವವರೂ ಇದ್ದಾರೆ. ಆದರೆ ಸ್ಕ್ಯಾನ್ ಮಾಡುವಾಗ ಮಡಿಸಿದ ನಕ್ಷೆಗಳನ್ನು ಎಷ್ಟೋ ಸಲ ಬಿಚ್ಚಿರುವುದೇ ಇಲ್ಲ.

ಹಳೆಯ ಇತಿಹಾಸ ಪುಸ್ತಕ, ಊರು-ಜಿಲ್ಲೆಗಳ ವಿವರ ಕೊಡುವ ಗೆಜೆಟಿಯರ್‌ಗಳನ್ನು ತೆಗೆದುಹಾಕುವ ಮುನ್ನ ಗ್ರಂಥಾಲಯಗಳು ಬಾಗಿಲಿಗೆ ಒಂದು ಪಟ್ಟಿ ಅಂಟಿಸಲಿ, ತಿಂಗಳ ಮಟ್ಟಿಗಾದರೂ ಓದುಗರಿಗೇ ಮಾರಲಿ. ರದ್ದಿಯವರು ಕೊಡೋದಕ್ಕಿಂತ ಜಾಸ್ತಿಯೇ ಕೊಟ್ಟು ಒಯ್ಯುತ್ತೇವೆ.

– ಒಬ್ಬ ಓದುಗ, ಬೆಂಗಳೂರು