ನಾದಿನಿಯ ಪಾತ್ರಕ್ಕೆ ಹನ್ನೆರಡು ಬ್ಲೌಸ್

ಉಡುಪಿ,
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ,

ನಿನ್ನೆ ಫೋನಿನಲ್ಲಿ ನೀನು ಅತ್ತದ್ದು ನನಗೆ ಗೊತ್ತಾಯಿತು. ‘ಶೀತ ಅಮ್ಮ’ ಅಂದೆ. ಸಣ್ಣದಿರುವಾಗಿನಿಂದ ನಿನ್ನ ಮೂಗು ಒರೆಸಿದವಳಿಗೆ ಶೀತ ಯಾವುದು, ಅಳು ಯಾವುದು ಅಂತ ತಿಳಿಯುವುದಿಲ್ವಾ? ಅಪ್ಪ ಪಕ್ಕದಲ್ಲೇ ಇದ್ದರು, ಅದಕ್ಕೇ ನಾನು ಜಾಸ್ತಿ ಕೇಳಲಿಲ್ಲ. ಈಗ ಅಂಗಡಿ ಮುಚ್ಚಿ, ಊಟ ಮುಗಿಸಿ, ಹೊಲಿಗೆ ಮೆಷಿನ್ ಮೇಲೆಯೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ವಾಟ್ಸಾಪ್‌ನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತೀಯ. ಮನೆಯಲ್ಲಿ ನಾವು ಮಾತಾಡುವುದು ತುಳು, ಬರೆಯುವುದು ಕನ್ನಡ. ಎಲ್ಲಾದರೂ ಮಾತು ಬಿಗಿಯಾಗಿ ಕಂಡರೆ ಬೈದೆ ಅಂದುಕೊಳ್ಳಬೇಡ.

ವಿಷಯ ಇಷ್ಟೇ ಅಲ್ವಾ? ಧಾರಾವಾಹಿಗೆ ನಾಯಕಿ ಅಂತ ಆಡಿಷನ್ ಕೊಟ್ಟೆ, ನಾಯಕಿಯ ನಾದಿನಿ ಅಂತ ಕರೆ ಬಂತು. ಅದೂ ಮನೆ ಒಡೆಯುವ ನಾದಿನಿ. ‘ಒಮ್ಮೆ ನಾದಿನಿ ಆದರೆ ಮತ್ತೆ ಯಾವಾಗಲೂ ನಾದಿನಿಯೇ ಅಮ್ಮ’ ಅಂದೆ. ಅದು ಸುಳ್ಳಲ್ಲ. ಆ ಭಯ ನನಗೂ ಉಂಟು. ಆದರೆ ‘ಬೇಡ ಅಂದು ಊರಿಗೆ ಬರುತ್ತೇನೆ’ ಅಂದದ್ದು ಮಾತ್ರ ನನಗೆ ಸರಿ ಕಾಣಲಿಲ್ಲ.

ನಮ್ಮ ಉಡುಪಿಯ ವಿನಯಾ ಪ್ರಸಾದ್ ಅವರನ್ನೇ ನೋಡು. ಬೇರೆ ಊರಿನವರ ಉದಾಹರಣೆ ನಾನು ಯಾಕೆ ಕೊಡಲಿ? ಅವರನ್ನು ನಾನು ಮೊದಲು ನೋಡಿದ್ದು ‘ಗಣೇಶನ ಮದುವೆ’ಯಲ್ಲಿ, 1990ರಲ್ಲಿ. ಆಗ ನಾನು ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ಜೊತೆಯ ಹುಡುಗಿಯರೆಲ್ಲ ಕ್ಲಾಸು ತಪ್ಪಿಸಿ ಟಾಕೀಸಿಗೆ ಹೋಗಿದ್ದೆವು. ಒಂದೇ ವಠಾರದಲ್ಲಿ ಅನಂತ್ ನಾಗ್ ಜೊತೆ ದಿನ ಬೆಳಗಾದರೆ ಜಗಳ. ಅವನಿಗೋ ಮುಖ ನೋಡದ ಒಬ್ಬ ಗಾಯಕಿಯ ಮೇಲೆ ಪ್ರೀತಿ. ಆ ಗಾಯಕಿ ಇವಳೇ. ನಾವು ನಕ್ಕದ್ದಕ್ಕೆ ಲೆಕ್ಕವಿಲ್ಲ. ಅದಕ್ಕೂ ಮೊದಲು ಅವರಿಗೆ ಸಿಕ್ಕಿದ್ದು ಜಿ.ವಿ. ಅಯ್ಯರ್ ಅವರ ‘ಮಧ್ವಾಚಾರ್ಯ’ದಲ್ಲಿ ಒಂದು ಸಣ್ಣ ಪಾತ್ರ. ಮಧ್ವರ ಊರಿನ ಹುಡುಗಿಗೆ ಮಧ್ವರ ಸಿನಿಮಾದಲ್ಲಿ ಸಿಕ್ಕಿದ್ದು ಅಷ್ಟೇ ಜಾಗ.

ಆದರೆ ನಾನು ಹೇಳಬೇಕೆಂದಿದ್ದು ‘ಮಣಿಚಿತ್ರತ್ತಾಳ್’ ವಿಷಯ. 1993ರ ಮಲಯಾಳ ಸಿನಿಮಾ. ಸಣ್ಣವಳಿದ್ದಾಗ ‘ಆಪ್ತಮಿತ್ರ’ ನೋಡಿ ಬಂದು ನೀನು ಒಂದು ವಾರ ನನ್ನ ಸೆರಗು ಹಿಡಿದು ಮಲಗಿದ್ದೆಯಲ್ಲ, ಅದರ ಮೂಲ ಇದೇ. ಅದರಲ್ಲಿ ರಾಷ್ಟ್ರಪ್ರಶಸ್ತಿ ಬಂದದ್ದು ಶೋಭನಾ ಅವರಿಗೆ, ಬರಬೇಕಾದದ್ದೇ. ವಿನಯಾ ಅವರದ್ದು ಶ್ರೀದೇವಿ ಎಂಬ ಪಾತ್ರ. ಮನೆಯಲ್ಲಿ ನಡೆಯುವ ವಿಚಿತ್ರಗಳಿಗೆಲ್ಲ ಇವಳೇ ಕಾರಣವೋ ಏನೋ ಅಂತ ನೋಡುವವರಿಗೆ ಅನುಮಾನ ಬರಬೇಕು. ಹಾಗಂತ ಅವಳ ಮೇಲೆ ಸಿಟ್ಟೂ ಬರಬಾರದು, ಯಾಕೆಂದರೆ ಅವಳು ತಪ್ಪು ಮಾಡಿದವಳಲ್ಲ. ಎಷ್ಟು ಸೂಕ್ಷ್ಮದ ಕೆಲಸ ನೋಡು. ಆ ಅನುಮಾನ ಗಟ್ಟಿಯಾಗಿ ಕೂರದಿದ್ದರೆ ಕೊನೆಗೆ ಶೋಭನಾ ಅವರ ಗಂಗಾ ತಿರುಗಿ ನಿಂತಾಗ ಯಾರೂ ಬೆಚ್ಚಿಬೀಳುತ್ತಿರಲಿಲ್ಲ. ಬ್ಲೌಸಿನ ಲೈನಿಂಗ್ ಯಾರಿಗೆ ಕಾಣುತ್ತದೆ? ಅದಿಲ್ಲದೆ ಹೊಲಿದು ಕೊಟ್ಟರೆ ಎರಡೇ ಒಗೆತಕ್ಕೆ ಗಿರಾಕಿ ವಾಪಸ್ ಬರುತ್ತಾರೆ.

ಮಲಯಾಳ ಅವರನ್ನು ಬಿಡಲಿಲ್ಲ. 90ರ ದಶಕದ ಕೊನೆಗೆ ಏಷ್ಯಾನೆಟ್‌ನಲ್ಲಿ ‘ಸ್ತ್ರೀ’ ಧಾರಾವಾಹಿ ಬಂತು, ಅಲ್ಲಿ ಮುಖ್ಯ ಪಾತ್ರವೇ ಅವರದ್ದು. ಕಾಸರಗೋಡು ಕಡೆಯಿಂದ ಇಲ್ಲಿಗೆ ಮದುವೆಯಾಗಿ ಬಂದ ಗಿರಾಕಿಯೊಬ್ಬರು ‘ಅವರು ನಮ್ಮವರು’ ಅಂತ ನನ್ನ ಹತ್ತಿರ ವಾದಕ್ಕೇ ನಿಂತಿದ್ದರು. ನಾನು ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡು ‘ಇಲ್ಲ, ನಮ್ಮ ಉಡುಪಿಯವರು’ ಅಂತ ಅಷ್ಟೇ ಜೋರಾಗಿ ಹೇಳಿದೆ. ಬ್ಲೌಸು ಕೊಂಡೊಯ್ಯುವಾಗಲೂ ಅವರು ಒಪ್ಪಲಿಲ್ಲ.

ಮತ್ತೆ ‘ಪಾರು’ ಧಾರಾವಾಹಿ. ಅದು ಶುರುವಾದದ್ದು 2018ರ ಕೊನೆಗೆ. ಹೆಸರು ಪಾರು, ಕಥೆ ಪಾರುವಿನದ್ದೇ. ವಿನಯಾ ಅವರದ್ದು ಅದರಲ್ಲಿ ಅಖಿಲಾಂಡೇಶ್ವರಿಯ ಪಾತ್ರ. ಆದರೆ ನಮ್ಮ ಅಂಗಡಿಗೆ ಬಂದ ಹೆಂಗಸರು ಕೇಳಿದ್ದು ಏನು ಗೊತ್ತಾ? ‘ಅಖಿಲಾಂಡೇಶ್ವರಿಯ ಬ್ಲೌಸಿನ ಹಾಗೆ ಹೊಲಿದು ಕೊಡಿ ಅಕ್ಕ.’ ಮೊಬೈಲಿನಲ್ಲಿ ಫೋಟೋ ಹಿಡಿದು ನಿಲ್ಲುತ್ತಿದ್ದರು. ಪಾರುವಿನಂಥದ್ದು ಬೇಕು ಅಂದವರು ನನ್ನ ಲೆಕ್ಕದಲ್ಲಿ ಇಬ್ಬರೋ ಮೂವರೋ. ‘ಗಣೇಶನ ಮದುವೆ’ಯಿಂದ ಅಲ್ಲಿಗೆ 28 ವರ್ಷ. ಅಷ್ಟು ವರ್ಷ ನಾಯಕಿಯ ಪಾತ್ರ ಒಂದಕ್ಕೇ ಕಾದು ಕೂತಿದ್ದರೆ?

ಎಲ್ಲರಿಗೂ ಹಾಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಅವರ ಕಾಲದಲ್ಲೇ ಬಂದ ಎಷ್ಟೋ ಹುಡುಗಿಯರ ಮುಖ ನೆನಪುಂಟು, ಹೆಸರು ನೆನಪಿಲ್ಲ. ಅಪ್ಪ ರಾತ್ರಿ ನಿದ್ದೆ ಇಲ್ಲದೆ ಹೊರಳಾಡುವುದು ಅದಕ್ಕೇ.

ಉಮಾಶ್ರೀ ಅವರದ್ದೂ ಒಂದು ಕಥೆ ಉಂಟು. ಅವರು ಸಿನಿಮಾದಲ್ಲಿ ಹಾಸ್ಯ ಮಾಡುತ್ತಿದ್ದ ಕಾಲದಲ್ಲಿ ಅಪ್ಪ ‘ಛೆ, ಎಂಥ ಮಾತು’ ಅಂತ ಚಾನೆಲ್ ಬದಲಿಸುತ್ತಿದ್ದರು. ಅದೇ ಅಪ್ಪ ‘ಗುಲಾಬಿ ಟಾಕೀಸ್’ ನೋಡಿ ಮಾತೇ ಆಡಲಿಲ್ಲ. ವೈದೇಹಿ ಅವರ ಕಥೆ, ಕಾಸರವಳ್ಳಿಯವರ ಸಿನಿಮಾ, ನಮ್ಮ ಕಡಲ ಬದಿಯ ಬದುಕು. ಗಂಡ ಬಿಟ್ಟುಹೋದ ಸೂಲಗಿತ್ತಿ ಗುಲಾಬಿ, ಅವಳ ಮನೆಗೆ ಬಂದ ಟಿವಿ, ಅದನ್ನು ನೋಡಲು ಸೇರುವ ಹೆಂಗಸರು. ಉಮಾಶ್ರೀ ಕರಾವಳಿಯವರಲ್ಲ. ಆದರೂ ಆ ಗುಲಾಬಿ ಮಲ್ಪೆಯಲ್ಲಿ ನಮ್ಮ ಎದುರು ಬುಟ್ಟಿ ಇಟ್ಟು ಕೂತವಳ ಹಾಗೇ ಇದ್ದಳು. ಅದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮುಂದೆ ಸಚಿವೆಯಾದರು. ಅದೆಲ್ಲ ಆದಮೇಲೆ 2021ರಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೆಸ್ ನಡೆಸುವ ಪುಟ್ಟಕ್ಕನಾಗಿ ಸೌಟು ಹಿಡಿದರು. ಸಚಿವೆಯಾಗಿದ್ದವರಿಗೆ ಸೌಟು ಸಣ್ಣದು ಅನಿಸಲಿಲ್ಲ, ನಿನಗೆ ನಾದಿನಿ ಸಣ್ಣದಾ?

ಸರಿ, ಇದು ಸ್ವಲ್ಪ ಚುಚ್ಚಿತು. ಇರಲಿ.

ನಿನ್ನ ಮಾತಿನ ಬಗ್ಗೆ. ಮೊದಲ ಆಡಿಷನ್‌ನಲ್ಲಿ ‘ಮಂಗಳೂರು ಕನ್ನಡ ಮಾತಾಡಿ, ನಗು ಬರುತ್ತೆ’ ಅಂದರಂತೆ. ನೀನು ‘ಎಂಥ ಮಾರಾಯ್ರೆ’ ಅಂತ ಎಳೆದು ಹೇಳಿದೆಯಂತೆ, ಅವರು ನಕ್ಕರಂತೆ. ನನಗೆ ಬೇಜಾರಾದದ್ದು ಅವರು ನಕ್ಕದ್ದಕ್ಕಲ್ಲ. ನಾವು ಯಾರೂ ಹಾಗೆ ಎಳೆದು ಮಾತಾಡುವುದಿಲ್ಲ, ಅದಕ್ಕೆ. ಅದು ಸಿನಿಮಾದವರು ಮಾಡಿಕೊಂಡ ಮಂಗಳೂರು ಕನ್ನಡ. ಬೆಂಗಳೂರಿನ ಮಾತು ಚೆನ್ನಾಗಿ ಕಲಿ, ಅದು ಕೆಲಸದ ಭಾಗ. ಆದರೆ ನಮ್ಮ ಕಡೆಯವರ ಪಾತ್ರವೇ ಸಿಕ್ಕಿದರೆ ನಿನ್ನ ಅಜ್ಜಿ ಕನ್ನಡ ಮಾತಾಡುವ ಹಾಗೆ ಮಾತಾಡು. ಹಕಾರ, ಅಕಾರ ಎರಡೂ ಅವರಿಗೆ ಒಮ್ಮೆಯೂ ತಪ್ಪುವುದಿಲ್ಲ.

ಅಜ್ಜಿ ಅಂದಾಗ ನೆನಪಾಯಿತು. ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಹಾಕಿದರೆ ಬೆಳಗಿನವರೆಗೆ ಕೂತು ನೋಡುವ ಅಜ್ಜಿಗೆ, ಮೊಮ್ಮಗಳು ಬಣ್ಣ ಹಚ್ಚುವುದು ಬೇಡವಾಗಿತ್ತು. ಈಗ ದಿನಾ ‘ಅವಳದ್ದು ಎಷ್ಟು ಗಂಟೆಗೆ?’ ಅಂತ ಕೇಳುತ್ತಾರೆ. ಇನ್ನೂ ಶುರುವಾಗಿಲ್ಲ ಅಂದರೂ ರಿಮೋಟು ಕೈಯಿಂದ ಬಿಡುವುದಿಲ್ಲ.

ಇನ್ನು ದುಡ್ಡಿನ ಮಾತು. ಅಗ್ರಿಮೆಂಟ್ ಪೂರ್ತಿ ಓದದೆ ಸಹಿ ಹಾಕಬೇಡ. ತಿಂಗಳಿಗೆ ಎಷ್ಟು ದಿನ ಕೆಲಸ, ದಿನಕ್ಕೆ ಎಷ್ಟು, ಯಾವಾಗ ಕೊಡುತ್ತಾರೆ, ಬೇರೆ ಚಾನೆಲ್‌ನಲ್ಲಿ ಮಾಡಬಹುದಾ, ಅರ್ಧಕ್ಕೆ ನಿಂತರೆ ಏನು, ಎಲ್ಲ ಕೇಳು. ಹೋದ ಸಲದ ಧಾರಾವಾಹಿ ನಿಂತಾಗ ಎರಡು ತಿಂಗಳ ದುಡ್ಡು ಬರಲೇ ಇಲ್ಲ. ಕೇಳಲು ನಿನಗೆ ಸಂಕೋಚ. ನನ್ನ ಅಂಗಡಿಯಲ್ಲಿ ಹೊಲಿಗೆಯ ಬಾಕಿ ಇದ್ದರೆ ನಾನು ಮದುವೆ ಹಾಲಿನಲ್ಲೂ ಕೇಳುತ್ತೇನೆ, ನಿನಗೆ ಗೊತ್ತುಂಟು.

ಗುರುವಾರ ಬಂದರೆ ಟಿಆರ್‌ಪಿ ಅಂತ ಉಗುರು ಕಚ್ಚಬೇಡ. ಅಂಕಿ ಇಳಿದರೆ ಪ್ರಸಾರದ ಹೊತ್ತು ಬದಲಿಸುತ್ತಾರೆ, ಕಥೆ ತಿರುಗಿಸುತ್ತಾರೆ, ಒಂದು ಪಾತ್ರವನ್ನು ಅಮೆರಿಕಕ್ಕೆ ಕಳಿಸುತ್ತಾರೆ. ನಿನ್ನನ್ನು ಅಮೆರಿಕಕ್ಕೆ ಕಳಿಸಿದರೆ ರಾತ್ರಿ ಬಸ್ಸು ಹತ್ತಿ ಉಡುಪಿಗೆ ಬಾ. ನಾಲ್ಕು ದಿನ ನಿದ್ದೆ ಮಾಡಿ, ನೀರುದೋಸೆ ತಿಂದು ಮತ್ತೆ ಹೋಗು.

ಬಟ್ಟೆ ನಿಮ್ಮದೇ ತರಬೇಕು ಅಂದರಲ್ಲ, ಅದನ್ನು ನನಗೆ ಬಿಡು. ನಾದಿನಿ ಶ್ರೀಮಂತ ಮನೆಯವಳು ಅಂದೆ. ಮೊದಲಿಗೆ ಹನ್ನೆರಡು ಬ್ಲೌಸ್ ಸಾಕು. ಕಥೆಯ ಒಂದು ದಿನ ನಿಮಗೆ ಎಷ್ಟೋ ದಿನದ ಶೂಟಿಂಗ್, ಅಷ್ಟು ದಿನವೂ ಅದೇ ಸೀರೆ, ಅದೇ ಬ್ಲೌಸ್. ಲೈಟಿನ ಬಿಸಿಗೆ ಕಂಕುಳಲ್ಲಿ ಬಣ್ಣ ಹೋಗುತ್ತದೆ. ಅದಕ್ಕೆ ಮದುವೆ, ಸೀಮಂತದ ದೃಶ್ಯಗಳಿಗೆ ಒಂದೇ ತಾನಿನಿಂದ ಎರಡೆರಡು ಹೊಲಿಯುತ್ತೇನೆ. ಹೋದ ಸಲ ನೀನು ಬಾಗಿಲು ದಾಟುವಾಗ ಉದ್ದ ತೋಳು ಇತ್ತು, ಹಾಲಿಗೆ ಬಂದಾಗ ಗಿಡ್ಡ ಆಗಿತ್ತು. ‘ಯಾರೂ ನೋಡಲಿಲ್ಲ ಅಮ್ಮ’ ಅಂದೆ. ನಾನು ನೋಡಿದೆ.

ಅಳತೆ ಬ್ಲೌಸ್ ಒಂದು ಬಸ್ಸಿನಲ್ಲಿ ಪಾರ್ಸೆಲ್ ಹಾಕು. ಹಳೆಯ ಅಳತೆ ಬೇಡ, ನೀನು ಸಪೂರ ಆಗಿದ್ದೀಯ. ಕುತ್ತಿಗೆಗೆ ದೊಡ್ಡ ಸರ ಹಾಕುತ್ತಾರಾ, ಸಣ್ಣದಾ ಅಂತ ಕೇಳಿ ಹೇಳು. ಅದರ ಮೇಲೆ ನನಗೆ ಕುತ್ತಿಗೆಯ ಆಳ ಕತ್ತರಿಸಬೇಕು.

ನಿನ್ನ
ಅಮ್ಮ