ಮೇ 12ರ ಮಾತುಕತೆ: ಸದಸ್ಯರ ಗಮನಕ್ಕೆ

ಆತ್ಮೀಯರೇ, ಮೇ 12ರ ಸಂಜೆ 4 ಗಂಟೆಗೆ ಬದಿಯಡ್ಕದ ನಮ್ಮ ವಾಚನಾಲಯದಲ್ಲಿ ದಾದಿಯರ ದಿನದ ಮಾತುಕತೆ ಇದೆ. ದೀಪ ಹಿಡಿದ ಮಹಿಳೆಯ ಚಿತ್ರವನ್ನು ದಯವಿಟ್ಟು ಈ ಗುಂಪಿನಲ್ಲಿ ಫಾರ್ವರ್ಡ್ ಮಾಡಬೇಡಿ. ಕಳೆದ ವರ್ಷ ಒಂದೇ ಚಿತ್ರ ಹದಿನೇಳು ಬಾರಿ ಬಂದಿತ್ತು.

ಆ ಚಿತ್ರದಲ್ಲಿರುವ ಇಂಗ್ಲಿಷ್ ದಾದಿ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಇದೇ ದಿನ. ದೀಪಕ್ಕಿಂತ ಅವರ ಲೆಕ್ಕವೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ (ಈಗಿನ ಇಸ್ತಾಂಬುಲ್‌ನ ಭಾಗ) ಆಸ್ಪತ್ರೆಗೆ 38 ದಾದಿಯರೊಂದಿಗೆ ಹೋದರು. ಗಾಯದಿಂದ ಸತ್ತವರಿಗಿಂತ ರೋಗದಿಂದ ಸತ್ತ ಸೈನಿಕರೇ ಹೆಚ್ಚು ಎಂಬುದನ್ನು ಆಮೇಲೆ ಅಂಕಿಅಂಶಗಳ ರೇಖಾಚಿತ್ರ ಬರೆದು ಸರಕಾರಕ್ಕೆ ತೋರಿಸಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಶಾಲೆ ಶುರುವಾಯಿತು. ಶುಶ್ರೂಷೆ ಎಂದರೆ ಕಲಿತು ಮಾಡುವ ವೃತ್ತಿ ಎಂಬ ಮಾತು ಗಟ್ಟಿಯಾಯಿತು. ನಮ್ಮ ದೇಶದಲ್ಲಿ ಇದಕ್ಕಾಗಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದದ್ದು 1947ರಲ್ಲಿ.

ಈ ವೃತ್ತಿ ಏಕೆ ಬೇಕೆಂದು ನನಗೆ ತಿಳಿದದ್ದು ಅಜ್ಜಿ ಹಾಸಿಗೆ ಹಿಡಿದಾಗ. ಮನೆಗೆ ಬರುತ್ತಿದ್ದ ಪಾಲಿಯೇಟಿವ್ (ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ) ನರ್ಸ್ ಮೊದಲು ಕೈ ತೊಳೆದು, ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ, ಸೊಂಟದ ಬಳಿ ಚರ್ಮ ಕೆಂಪಾಗಿದೆಯೇ ಎಂದು ನೋಡುತ್ತಿದ್ದರು. ಹಾಸಿಗೆ ಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಹಾಗೆ ಹೊರಳಿಸಲು ಅಮ್ಮನಿಗೆ ಕಲಿಸಿದವರೂ ಅವರೇ. ಅವರ ಕನ್ನಡ ಅಷ್ಟಕ್ಕಷ್ಟೆ, ಅಜ್ಜಿಗೆ ಮಲಯಾಳ ಬಾರದು. ಎಲ್ಲವೂ ತುಳುವಿನಲ್ಲೇ ಸುಧಾರಿಸಿತು.

ಗಲ್ಫ್‌ನಿಂದ ರಜೆಗೆ ಬಂದಿರುವ ಹಾಗೂ ಮಂಗಳೂರಿನಲ್ಲಿ ದುಡಿಯುವ ನಮ್ಮ ನರ್ಸ್ ಅಕ್ಕತಂಗಿಯರೆಲ್ಲ ಬರಬೇಕು. ನರ್ಸ್ ಆಗಿರುವ ಅಣ್ಣಂದಿರೂ ಸಂಕೋಚಪಡಬಾರದು. ರಾತ್ರಿ ಪಾಳಿ ಇರುವವರು ಮೊದಲು ಮಾತಾಡಿ ಹೊರಡಬಹುದು. ಚಹಾ, ಗೋಳಿಬಜೆ ಇದೆ. ಬರುವವರು ಹಿಂದಿನ ದಿನವೇ ಇಲ್ಲಿ ಹೆಸರು ತಿಳಿಸಿ.