ಡಮಾಮಿಗೆ ಹತ್ತು ನಿಮಿಷ ಸಾಲದು

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯ ಉತ್ಸವಗಳ ಆಮಂತ್ರಣ ಪತ್ರಿಕೆಗಳಲ್ಲಿ ‘ಸಿದ್ದಿ ಡಮಾಮಿ ನೃತ್ಯ’ ಎಂಬ ಸಾಲು ಈಚೆಗೆ ಹೆಚ್ಚಾಗಿ ಕಾಣಸಿಗುತ್ತಿದೆ. ಡಮಾಮಿ ಎಂಬ ಚರ್ಮವಾದ್ಯ ನುಡಿಸುತ್ತ ಸಿದ್ದಿ ಸಮುದಾಯದವರು ಕುಣಿಯುವ ಈ ನೃತ್ಯಕ್ಕೆ ಕರೆ ಬರುತ್ತಿರುವುದು ಸಂತೋಷದ ವಿಷಯವೇ. ಆದರೆ ಕೆಲವು ತಿಂಗಳ ಹಿಂದೆ ನಾನು ನೋಡಿದ ಒಂದು ಕಾರ್ಯಕ್ರಮ ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಘಟ್ಟದ ಮೇಲಿನ ಹಳ್ಳಿಯೊಂದರಿಂದ ಬಂದಿದ್ದ ಸಿದ್ದಿ ತಂಡವನ್ನು ಸಂಜೆ ಮೆರವಣಿಗೆಯಲ್ಲಿ ನಡೆಸಿ, ಗಣ್ಯರ ಭಾಷಣ, ಸನ್ಮಾನಗಳೆಲ್ಲ ಮುಗಿಯುವ ತನಕ ವೇದಿಕೆಯ ಹಿಂದೆ ಕೂರಿಸಿ, ರಾತ್ರಿ ಹತ್ತರ ಮೇಲೆ ಹತ್ತು ನಿಮಿಷ ಕೊಟ್ಟರು. ಕಾದು ಕುಳಿತಿದ್ದ ಹಿರಿಯರೊಬ್ಬರು ಇಬ್ಬನಿಗೆ ಸಡಿಲಗೊಂಡಿದ್ದ ಡಮಾಮಿಯ ಚರ್ಮವನ್ನು ಒಣ ಎಲೆಯ ಬೆಂಕಿಗೆ ಹಿಡಿದು, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ನಾದ ಹದವಾಯಿತೇ ಎಂದು ಮತ್ತೆ ಮತ್ತೆ ನೋಡುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಸಿದ್ಧವಾದ ವಾದ್ಯವನ್ನು ನಿರೂಪಕರು ಪರಿಚಯಿಸಿದ್ದು ‘ಈಗ ಆಫ್ರಿಕಾದ ಕುಣಿತ’ ಎಂಬ ಮೂರೇ ಪದಗಳಲ್ಲಿ.

ಆ ಮಾತು ನನಗೆ ನೋವು ತಂದಿತು. ಸಿದ್ದಿಗಳ ಪೂರ್ವಿಕರು ಪೂರ್ವ ಆಫ್ರಿಕಾದವರೆಂಬುದು ನಿಜ; ಪೋರ್ಚುಗೀಸರು ಅವರಲ್ಲಿ ಬಹಳ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡು ಸೇರಿ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ, ಶಿರಸಿ ಸೀಮೆಗಳಲ್ಲಿ ನೆಲೆ ನಿಂತರು. ಆದರೆ ಶತಮಾನಗಳಿಂದ ಇದೇ ಮಣ್ಣಿನಲ್ಲಿ ಬೆವರು ಸುರಿಸಿದವರ, ಕನ್ನಡ ಕೊಂಕಣಿಗಳನ್ನು ಸಲೀಸಾಗಿ ಆಡುವವರ ಕುಣಿತವನ್ನು ಬೇರೆ ಖಂಡದ್ದೆಂದು ಸಾರಿಬಿಟ್ಟರೆ ಅವರನ್ನು ಮತ್ತೊಮ್ಮೆ ಪರಕೀಯರನ್ನಾಗಿಸಿದಂತಲ್ಲವೇ? ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಇಷ್ಟು ದೊಡ್ಡ ಚರಿತ್ರೆ ನಮ್ಮ ಮಗ್ಗುಲಲ್ಲೇ ಇದ್ದರೂ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ನಾನು ಅದನ್ನು ಮಕ್ಕಳಿಗೆ ಪೂರ್ಣವಾಗಿ ಒಂದು ತಾಸು ಹೇಳಿದ್ದು ನೆನಪಿಲ್ಲ. ಅದಕ್ಕೆ ನಾನೂ ಹೊಣೆ.

ನಮ್ಮ ಹಿರಿಯರ ಅಡಿಕೆ ತೋಟದಲ್ಲಿ ಸಿದ್ದಿ ಕುಟುಂಬವೊಂದು ದುಡಿಯುತ್ತಿತ್ತು. ಆ ಮನೆಯ ಹೆಂಗಸು ಅಮ್ಮನ ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಕೌದಿಯನ್ನು ಹೊದ್ದು ನಾನು ಬೆಳೆದೆ. ಆದರೆ ಆಕೆಗೆ ಊಟ ಬಡಿಸುತ್ತಿದ್ದುದು ಅಂಗಳದಾಚೆ. ಆ ಕೌದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನಾಕಾರದಲ್ಲಿ ಮಡಚಿ ಕೂರಿಸಿದ್ದ ಗಂಟುಗಳನ್ನು ನಾವು ಉಳಿದ ಚೂರುಗಳೆಂದೇ ಭಾವಿಸಿದ್ದೆವು. ಅದು ಹೂವು, ಅದಿಲ್ಲದ ಕೌದಿ ಬೆತ್ತಲೆ ಇದ್ದಂತೆ ಎಂದು ಬಹಳ ವರ್ಷಗಳ ನಂತರ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ತಿಳಿಸಿದರು. ಸೀರೆಯ ಒಂದು ಮೂಲೆಯಿಂದ ಆರಂಭಿಸಿ ಅಂಚುಗುಂಟ ಸುತ್ತುತ್ತ ನಡುವಿನತ್ತ ಹೊಲಿಗೆ ಸಾಗುವ ಕ್ರಮವನ್ನೂ ಅವರೇ ಕೈಯಾರೆ ತೋರಿಸಿದರು. ಇಂಥ ಸಿದ್ದಿ ಕೌದಿಗಳು 2011ರಲ್ಲಿ ನ್ಯೂಯಾರ್ಕ್‌ ನಗರದ ಹಾರ್ಲೆಮ್‌ನಲ್ಲಿ, ಕಪ್ಪು ಜನರ ಚರಿತ್ರೆಯ ಸಂಶೋಧನೆಗೆಂದೇ ಇರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹಾರ್ಲೆಮ್‌ನವರು ಗೋಡೆಗೆ ತೂಗುಹಾಕಿ ಗೌರವಿಸಿದ್ದನ್ನು ಕಾರವಾರದಲ್ಲೋ ಶಿರಸಿಯಲ್ಲೋ ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಅಮೆರಿಕದಲ್ಲಿ ಇತಿಹಾಸಕಾರ ಕಾರ್ಟರ್ ವುಡ್ಸನ್ ಅವರು 1926ರಲ್ಲಿ ಆರಂಭಿಸಿದ, ಕಪ್ಪು ಜನರ ಚರಿತ್ರೆಯನ್ನು ನೆನೆಯುವ ಒಂದು ವಾರದ ಆಚರಣೆ 1976ರಲ್ಲಿ ಇಡೀ ಫೆಬ್ರುವರಿ ತಿಂಗಳಿಗೆ ಹಬ್ಬಿತು. ಅಲ್ಲಿನ ನಗರಗಳಲ್ಲಿ ಆ ತಿಂಗಳು ಗ್ರಂಥಾಲಯ, ಶಾಲೆ, ಚರ್ಚುಗಳಲ್ಲಿ ಜನ ತಮ್ಮ ಹಿರಿಯರ ಕಥೆಯನ್ನು ತಾವೇ ಹೇಳುತ್ತಾರೆ. ನಮ್ಮಲ್ಲಿ ಒಂದು ತಿಂಗಳು ಬೇಡ, ವರ್ಷಕ್ಕೊಂದು ವಾರವಾದರೂ ಜಿಲ್ಲಾ ಕೇಂದ್ರವಾದ ಕಾರವಾರದಲ್ಲಿ ‘ಸಿದ್ದಿ ಚರಿತ್ರೆ ಸಪ್ತಾಹ’ ನಡೆಯಲಿ ಎಂಬುದು ನನ್ನ ಕೋರಿಕೆ. ಡಮಾಮಿಗೆ, ಹೆಂಗಸರ ಫುಗಡಿ ಕುಣಿತಕ್ಕೆ ಪೂರ್ಣ ರಾತ್ರಿಯ ವೇದಿಕೆ ಸಿಗಲಿ. ಕೌದಿ ಹೊಲಿಯುವ ಮಹಿಳೆಯರು ಎದುರಿಗೇ ಕುಳಿತು ಹೊಲಿದು, ತಾವು ಹೇಳಿದ ಬೆಲೆಗೆ ಮಾರುವಂತಾಗಲಿ. ಮಹಾನವಮಿಯ ಹೊತ್ತಿಗೆ ಮನೆಮನೆಯಲ್ಲಿ ನಡೆಯುವ ಹಿರಿಯರ ಪೂಜೆಯ ಅರ್ಥವನ್ನು, ಬೇಟೆ ಮತ್ತು ಜೇನಿನ ನೆನಪುಗಳನ್ನು ವೃದ್ಧರು ಹೇಳುವಾಗ ಅದನ್ನು ಧ್ವನಿಮುದ್ರಿಸಿಕೊಳ್ಳುವ ಏರ್ಪಾಡಾಗಲಿ. ಈ ಕೊನೆಯ ಕೆಲಸಕ್ಕೆ ತಡಮಾಡುವಂತಿಲ್ಲ, ಏಕೆಂದರೆ ಇವನ್ನೆಲ್ಲ ಪೂರ್ತಿಯಾಗಿ ಬಲ್ಲವರು ಈಗ ಅಜ್ಜ ಅಜ್ಜಿಯರು ಮಾತ್ರ.

ಈ ಸಪ್ತಾಹದ ಯೋಜನೆ ಸಿದ್ದಿಗಳ ಕೈಯಲ್ಲೇ ಇರಬೇಕು, ನಮ್ಮಂಥವರು ಕುರ್ಚಿ ಹಾಕುವ ಕೆಲಸಕ್ಕಷ್ಟೇ ನಿಂತರೆ ಸಾಕು. ಸಾಮರ್ಥ್ಯದ ಕೊರತೆ ಅವರಲ್ಲಿಲ್ಲ. 2003ರಲ್ಲಿ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತ ಮೇಲೆ ಓದಿ ಪದವಿ ಪಡೆದ ಯುವಕ ಯುವತಿಯರಿದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾಗಿ ನಾಮನಿರ್ದೇಶನಗೊಂಡರು. ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯ ಸುತ್ತಿನ ಸಿದ್ದಿ ಕಲಾವಿದರು ರಂಗಭೂಮಿಯಲ್ಲಿ ಹೆಸರು ಮಾಡಿ ದಶಕಗಳಾದವು.

ಶಿರಸಿಯ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಪಕ್ಕದಲ್ಲಿದ್ದವರು ‘ನೀವು ಯಾವ ದೇಶದವರು?’ ಎಂದು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಕೆ ಅಚ್ಚ ಕನ್ನಡದಲ್ಲಿ ‘ಯಲ್ಲಾಪುರ ತಾಲ್ಲೂಕು’ ಎಂದು ಉತ್ತರಿಸಿ ಬಸ್ ಹತ್ತಿದಳು. ಬರುವ ವರ್ಷದ ಉತ್ಸವಗಳ ಪೂರ್ವಭಾವಿ ಸಭೆಗಳು ಆರಂಭವಾಗುವ ಮೊದಲೇ ಜಿಲ್ಲಾಡಳಿತವೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಆಕೆಯಂಥವರನ್ನು ಕರೆದು, ಎದುರು ಕೂರಿಸಿಕೊಂಡು ಮಾತನಾಡಬೇಕೆಂದು ವಿನಂತಿಸುತ್ತೇನೆ.

ಇತಿ ನಮಸ್ಕಾರಗಳು,
ನಿವೃತ್ತ ಶಿಕ್ಷಕಿ, ಶಿರಸಿ